ಭಾವ ಹಾರಿಸಿದ ಪುಟಗಳು

ನನ್ನ ಭಾವನಷ್ಟು ಒಳ್ಳೆಯವರು ಸಿಗುವುದಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ, ಅವರಿಗೇನು. ಆ ಒಳ್ಳೆಯತನ ಏನು ಮಾಡಿತು ಎಂಬುದು ಅಕ್ಕನಿಗೆ ಗೊತ್ತು, ನನಗೆ ಗೊತ್ತು.

ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವಳು ಹೊಲಿದದ್ದಕ್ಕೆ ನಾನು ಗುಂಡಿ ಹಾಕಿ ಇಸ್ತ್ರಿ ಮಾಡುತ್ತೇನೆ. ಅವಳ ಒಂದು ಕಣ್ಣು ಮೊದಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಾ ಬಂತು. ಬೆರಳಿನ ಅಂದಾಜಿನ ಮೇಲೆ ಹೊಲಿಯುವಳು, ಓದುವುದು ಮಾತ್ರ ಆಗುತ್ತಿರಲಿಲ್ಲ. ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲವನ್ನೂ ಭಾವನೇ ಓದಿ ಹೇಳಬೇಕು. ಕಣ್ಣಾಸ್ಪತ್ರೆಯಲ್ಲೂ ಅಷ್ಟೇ. ಹನಿ ಹಾಕಿಸಿಕೊಂಡು ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದರೆ, ಭಾವ ಒಳಗೆ ಹೋಗಿ ಡಾಕ್ಟರ ಮಾತು ಕೇಳಿಕೊಂಡು ಬರುವರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಒಂದು ಬಾಯಿ, ಅಕ್ಕನಿಗೆ ಬೇಕಿದ್ದದ್ದು ಇಷ್ಟೇ.

ಭಾವ ಬಸ್ ಕಂಡಕ್ಟರ್ ಆಗಿದ್ದವರು, ಮಿಷನ್ ಸದ್ದನ್ನೂ ಮೀರಿಸುವ ಗಂಟಲು. ದಿನವೂ ಮಧ್ಯಾಹ್ನ ಕೂತು ಅಕ್ಕನಿಗೆ ಮಾಯಾಲೋಕದ ಒಂದು ಕಾದಂಬರಿ ಓದಿ ಮುಗಿಸಿದ್ದರು. ಅದರಲ್ಲೊಂದು ಊರು, ಅಲ್ಲಿ ದಿನಕ್ಕೊಂದು ಮನೆಯ ಬಾಗಿಲು ಮಾಯವಾಗುತ್ತದೆ. ಕಳ್ಳನನ್ನು ಹುಡುಕಲು ಬೀಗ ಮಾಡುವುದನ್ನು ಕಲಿಸುವ ಮೇಷ್ಟ್ರೂ ಅವರ ಶಿಷ್ಯೆಯೂ ಹೊರಡುತ್ತಾರೆ. ಅಕ್ಕನಿಗೆ ಆ ಮೇಷ್ಟ್ರೆಂದರೆ ಪ್ರಾಣ. ಎರಡನೇ ಭಾಗ ಬಂದಿದೆ ಎಂದು ಕೇಳಿದ್ದೇ ತಡ, ತರಿಸಿಕೊಂಡಳು.

ಎರಡನೇ ಭಾಗದಲ್ಲಿ ಮಾತ್ರ ಒಂದಕ್ಕೊಂದು ತಾಳೆಯಾಗಲಿಲ್ಲ. ಆ ಶಿಷ್ಯೆ ಮೇಷ್ಟ್ರನ್ನೇ ಹಿಡಿಯಲು ಊರೂರು ಅಲೆಯುತ್ತಿದ್ದಳು.

"ಇಬ್ರೂ ಚೆನ್ನಾಗೇ ಇದ್ರಲ್ಲ ರೀ?"

"ಇವನು ಆ ಮೇಷ್ಟ್ರಲ್ಲ, ಅವರ ಅವಳಿ ತಮ್ಮ ಕಣೇ," ಎಂದುಬಿಟ್ಟರು ಭಾವ.

ಪ್ಯಾಂಟಿನ ಅಂಚು ಮಡಿಸಲು ಕೊಟ್ಟಿದ್ದ ಕಾಲೇಜು ಹುಡುಗಿಯೊಬ್ಬಳು ಮೇಜಿನ ಮೇಲಿನ ಪುಸ್ತಕ ನೋಡಿ ಕಥೆಯ ಮಾತೆತ್ತಿದಳು. ಅಕ್ಕ ಅವಳಿ ತಮ್ಮನ ವಿಷಯ ಹೇಳಿದಾಗ, "ಯಾವ ತಮ್ಮ ಆಂಟಿ? ಮೇಷ್ಟ್ರೇ ಕಳ್ಳ ಅಂತ ಮೊದಲನೇ ಭಾಗದಲ್ಲೇ ಇದೆಯಲ್ಲ!" ಎಂದಳು. ಅಕ್ಕ ಅಂಚು ಮಡಿಸಿ ಕೊಟ್ಟಳು.

ಸಂಜೆ ಕೇಳಿದಳು. ಭಾವ ಉಪಕಾರ ಮಾಡಿದವರ ಹಾಗೆ ನಕ್ಕರು. "ಮನಸ್ಸಿಗೆ ಹಚ್ಕೋತೀಯ ಅಂತ ಆ ಪುಟಗಳನ್ನ ಹಾರಿಸ್ದೆ."

"ಹಾಗಾದ್ರೆ ಡಾಕ್ಟರ್ ಹೇಳಿದ್ರಲ್ಲಿ ಏನೇನು ಹಾರಿಸಿದ್ರಿ?"

ಭಾವನ ಮುಖ ಇಳಿದುಹೋಯಿತು.

ಮಾರನೆಯ ದಿನ ನಾನೇ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. "ಬೇಗ ಆಪರೇಷನ್ ಮಾಡಿಸಿ ಅಂತ ನಿಮ್ಮ ಯಜಮಾನರಿಗೆ ಹೋದ ವರ್ಷವೇ ಹೇಳಿದ್ದೆನಲ್ಲಮ್ಮ," ಎಂದರು ಡಾಕ್ಟರು. "ಈಗ ಮಾಡಿ ಪ್ರಯೋಜನ ಇಲ್ಲ." ಮನೆಯಲ್ಲಿ ಭಾವ ಹೇಳಿದ್ದು, ಹನಿ ಹಾಕುತ್ತಿದ್ದರೆ ಸಾಕಂತೆ ಎಂದು.

ಮನೆಗೆ ಬಂದು ಬಾಯಿಗೆ ಬಂದ ಹಾಗೆ ಬೈದೆ.

"ಆಪರೇಷನ್ ಅಂದ್ರೆ ಹೆದರ್ಕೋತಾಳೆ ಅಂತ..."

"ಹೆದರಿದ್ದು ಯಾರು ಭಾವ? ಅವಳಾ, ನೀವಾ?"

ಅಕ್ಕ ಬೈಯಲೂ ಇಲ್ಲ, ಅಳಲೂ ಇಲ್ಲ. ಮೊದಲನೇ ಭಾಗ ತೆಗೆಸಿದಳು.

"ಮೊದಲ ಪುಟದಿಂದ ಓದಿ," ಎಂದಳು. ನನ್ನ ಕಡೆ ತಿರುಗಿ, "ನೀನು ಪಕ್ಕದಲ್ಲಿ ಕೂತು ನೋಡ್ತಾ ಇರು. ಒಂದು ಸಾಲು ಬಿಟ್ರೂ ಹೇಳು."

ಕಥೆ ಎಂದರೆ ಆಗದವಳು ನಾನು. ಆದರೂ ಇಸ್ತ್ರಿ ಬಿಟ್ಟು ದಿನವೂ ಕೂತೆ, ಕಳ್ಳನನ್ನು ಕಾಯುವ ಪೊಲೀಸಿನವರ ಹಾಗೆ. ಶಿಷ್ಯೆಗೆ ಮೇಷ್ಟ್ರ ಮನೆಯಲ್ಲಿ ಕದ್ದ ಬಾಗಿಲುಗಳು ಸಿಗುವ ಪುಟ ಬಂದಾಗ ಭಾವ ಓದು ನಿಲ್ಲಿಸಿ ಪುಸ್ತಕ ಕೆಳಗಿಳಿಸಿದರು.

"ಓದಿ," ಎಂದಳು ಅಕ್ಕ. "ಇನ್ನು ನೀವು ಕಾಪಾಡೋದಕ್ಕೆ ನನ್ನ ಹತ್ರ ಏನೂ ಉಳಿದಿಲ್ಲ."