ಯಾರಿಗೂ ಬೇಡದ ಮಣ್ಣು

ಚಂದ್ರನ ದಕ್ಷಿಣ ಧ್ರುವದ ಹತ್ತಿರ, ಒಂದು ಕುಳಿಯ ಅಂಚಿನಲ್ಲಿ, ನಾಲ್ಕು ಜನ ಇಳಿದು ಏನೇನು ಮಾಡಬೇಕು ಎಂದು ಬರೆಯುವುದು ನಮ್ಮ ತಂಡದ ಕೆಲಸ. ಅವರು ಹೊರಡುವುದು ಎಷ್ಟೋ ವರ್ಷಗಳಾಚೆಯ ಮಾತು, ಹೊರಡದೆಯೂ ಇರಬಹುದು. ಎಲ್ಲಿ ಕೊರೆಯಬೇಕು, ಎಲ್ಲಿಂದ ಮಣ್ಣು ತೆಗೆಯಬೇಕು, ಯಾವ ಜಾಗವನ್ನು ತುಳಿಯಬಾರದು ಎಂಬುದನ್ನು ನಕ್ಷೆಯಲ್ಲಿ ಗುರುತಿಸುವವಳು ನಾನು.

ರಜೆಗೆ ಊರಿಗೆ ಹೋದಾಗ ಅಪ್ಪ ಆ ನಕ್ಷೆಯನ್ನು ಬಗ್ಗಿ ನೋಡುತ್ತಿದ್ದರು.

"ಇಷ್ಟೊಂದ್ ಕಡೆ ಕೊರೀತೀರಲ್ಲ, ನೀರು ಬರ್ತೈತೇನವ್ವ?"

"ಮಂಜುಗಡ್ಡೆ ಸಿಗಬಹುದಪ್ಪ."

"ಸಿಕ್ರೆ ಒಂದ್ ಪೈಪು ಹೊನ್ನವಳ್ಳಿ ಕಡೀಕೂ ಎಳೀರಿ. ನಮ್ ಬೋರು ಬರೀ ಗಾಳಿ ಕಕ್ತೈತೆ."

ಕಳೆದ ಮಳೆಗಾಲದಲ್ಲಿ ಯೋಜನೆಯ ಪರಿಶೀಲನೆ ನಡೆಯಿತು. ತಂಡದ ಹಿರಿಯ ವೈದ್ಯೆಯೊಬ್ಬರು ಕೇಳಿದರು: "ಇವರಲ್ಲಿ ಒಬ್ಬರು ಅಲ್ಲೇ ತೀರಿಕೊಂಡು, ದೇಹ ವಾಪಸ್ ತರೋಕೆ ಆಗದಿದ್ದರೆ ಎಲ್ಲಿ ಇಡ್ತೀರಿ?" ಎಲ್ಲರೂ ನಕ್ಷೆ ನೋಡಿದೆವು. ನಡೆದು ಹೋಗಬಹುದಾದ ಜಾಗವೆಲ್ಲ ಒಂದಲ್ಲ ಒಂದು ಪ್ರಯೋಗದ ಪಾಲಾಗಿತ್ತು. ಕೆಲಸ ನನಗೆ ಬಂತು. ಇಳಿಜಾರಿನ ಕೆಳಗೆ, ಬಂಡೆಗಳಾಚೆ, ಯಾವ ಪ್ರಯೋಗವೂ ಕೇಳದ ಒಂದು ತುಂಡು ನೆಲವನ್ನು ಗುರುತು ಮಾಡಿದೆ. ದೇಹವನ್ನು ಅಲ್ಲಿರಿಸಿ ಉಳಿದವರು ಕೆಲಸಕ್ಕೆ ಮರಳಬೇಕು, ಮಣ್ಣು ಕೆದಕಬಾರದು ಎಂದು ಬರೆದೆ.

ಅದೇ ವಾರ ಅಪ್ಪ ತೀರಿಕೊಂಡರು.

ತಮ್ಮನ್ನು ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅಪ್ಪ ಹೇಳುತ್ತಲೇ ಇದ್ದರು. ಅಮ್ಮ ಹಾಗೇ ಆಗಲೆಂದು ಮಾತು ಕೊಟ್ಟಿದ್ದಳು. ಆದರೆ ನಮ್ಮ ಕಡೆ ತೆಂಗಿನ ತೋಟ ಭಾಗ ಮಾಡುವುದು ಮರಗಳ ಲೆಕ್ಕದಲ್ಲಿ. ಅಪ್ಪನೂ ಚಿಕ್ಕಪ್ಪನೂ ಬೇರೆಯಾದಾಗ ಹಿರಿಯರು ಫಲ ಬಿಡುವ ಮರ, ಬಿಡದ ಮರ, ಸಸಿ ಎಲ್ಲವನ್ನೂ ಸರಿಸಮನಾಗಿ ಹಂಚಿದ್ದರು. ತೋಟದೊಳಗೇ ಇದ್ದ ಅಜ್ಜಿಯ ಸಮಾಧಿಯ ಗುಡ್ಡೆ ಯಾರ ಪಾಲಿಗೆ ಎಂದು ಯಾರೂ ಕೇಳಲಿಲ್ಲ. ಅದರ ಸುತ್ತಲಿನ ಮರಗಳು ಚಿಕ್ಕಪ್ಪನಿಗೆ ಹೋದವು, ಗುಡ್ಡೆಯೂ ಹೋಯಿತು. ಆಮೇಲೆ ಅವರು ಅದರ ಪಕ್ಕದಲ್ಲಿ ಹೊಸ ಸಾಲು ಸಸಿ ನೆಟ್ಟರು.

"ತಪ್ಪು ತಿಳ್ಕಬೇಡಿ ಅತ್ತಿಗೆ," ಎಂದರು ಚಿಕ್ಕಪ್ಪ, ಅಂಗಳದ ಜನರೆದುರು. "ಸಸಿ ಈಗ ಕಚ್ಕಂಡವೆ. ಅಲ್ಲಿ ಗುಂಡಿ ತೋಡುದ್ರೆ ಬೇರೆಲ್ಲ ಕಿತ್ತೋಯ್ತವೆ."

"ಸಸಿ ಇನ್ನೊಂದ್ ಸಲ ನೆಟ್ಕಬೋದು ಕಣಪ್ಪ," ಎಂದಳು ಅಮ್ಮ. "ನಿಮ್ಮಣ್ಣನ್ನ ಇನ್ನೊಂದ್ ಸಲ ಹೂಳಕ್ಕಾಯ್ತದಾ?"

ಅಪ್ಪನ ಸೋದರತ್ತೆ ಜಗುಲಿಯಿಂದ ಕೂಗಿದರು: "ಮಟ್ಟೆ ಗರಿ ಬುಡದಂಗೆ ಎಣುಸ್ಕಂಡ್ರಲ್ಲೋ! ಹೆತ್ತವ್ವನ್ನ ಎಣುಸ್ನಿಲ್ಲ ನೀವು."

ಚಿಕ್ಕಪ್ಪ ತಲೆ ತಗ್ಗಿಸಿದರು. ಒಪ್ಪಲಿಲ್ಲ. ಹೊತ್ತು ಇಳಿಯುತ್ತಿತ್ತು. ಕೊನೆಗೆ ನಮ್ಮ ಪಾಲಿನ ಬೇಲಿಯ ಮೂಲೆಯಲ್ಲಿ, ಉಳುವಾಗ ಆರಿಸಿ ಎಸೆದ ಕಲ್ಲುಗಳನ್ನು ಸರಿಸಿ ಗುಂಡಿ ತೋಡಿದರು. ಅಲ್ಲಿ ಮರ ಬರುವುದಿಲ್ಲ. ಆದ್ದರಿಂದಲೇ ಅದು ಖಾಲಿ ಇತ್ತು.

ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದೆವು. ಎಲ್ಲರಿಗಿಂತ ಕೊನೆಗೆ ಚಿಕ್ಕಪ್ಪ ಬಂದರು. ಟವೆಲಿನಲ್ಲಿ ಏನೋ ಕಟ್ಟಿ ತಂದಿದ್ದರು.

"ಅವ್ವನ ಗುಡ್ಡೇದು ಅತ್ತಿಗೆ. ಅಣ್ಣನ ಮ್ಯಾಲೆ ಹಾಕ್ತೀನಿ."

ಅಮ್ಮ ಅವರತ್ತ ತಿರುಗಲಿಲ್ಲ. "ಆ ಮಣ್ಣು ಅಲ್ಲೇ ಇರ್ಲಿ ಬುಡಪ್ಪ. ನಿನ್ ಸಸಿಗಾಯ್ತದೆ."

ಅವರು ಗಂಟು ಹಿಡಿದುಕೊಂಡೇ ನಿಂತಿದ್ದರು. ಜನ ಕರಗಿದ ಮೇಲೆ ಅದನ್ನು ಹಾಗೇ ವಾಪಸ್ ತೆಗೆದುಕೊಂಡು ಹೋದರು.

ಹನ್ನೊಂದರ ಕಾರ್ಯ ಮುಗಿಸಿ ಕೆಲಸಕ್ಕೆ ಮರಳಿದೆ. ನಕ್ಷೆ ತೆರೆದು ಬಂಡೆಗಳಾಚೆಯ ಗುರುತನ್ನು ಅಳಿಸಿದೆ. ಅದನ್ನು ನೌಕೆಯ ಹತ್ತಿರದ ಸಮತಟ್ಟು ನೆಲಕ್ಕೆ ತಂದೆ. ಅಲ್ಲಿಂದ ಭೂಮಿ ದಿಗಂತದ ಸ್ವಲ್ಪವೇ ಮೇಲೆ ಕಾಣುತ್ತದೆ. ಉಳಿದವರು ಮೂರು ಹಿಡಿ ಮಣ್ಣು ಹಾಕಲು ಸಮಯ ಕೊಡಬೇಕೆಂದೂ ಸೇರಿಸಿದೆ.

ತಂಡದ ಮುಖ್ಯಸ್ಥರು ಪರದೆಯನ್ನು ನೋಡಿದರು. "ಇದು ನಮ್ಮ ಎರಡನೇ ಕೊರೆಯೋ ಜಾಗ ಅಲ್ವೇನಮ್ಮ?"

"ಹೌದು ಸರ್."

"ಮಂಜುಗಡ್ಡೆ ಸಿಗೋ ಸಾಧ್ಯತೆ ಇರೋದೇ ಇಲ್ಲಿ."

"ಗೊತ್ತು ಸರ್."

ಅವರು ಒಳ್ಳೆಯವರು. ವಿಷಯವನ್ನು ಸಭೆಗೆ ಒಯ್ದರು. ಸಭೆಯಲ್ಲಿ ಎಲ್ಲರೂ ಸೌಜನ್ಯದಿಂದಲೇ ಮಾತಾಡಿದರು. ಅಷ್ಟು ದೂರ ಹೋಗಿ ಆ ಜಾಗವನ್ನು ಕೊರೆಯದೆ ಬರುವುದು ಹೇಗೆ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗುರುತು ಮತ್ತೆ ಬಂಡೆಗಳಾಚೆ ಹೋಯಿತು. ನಾನೇ ಅದನ್ನು ಅಲ್ಲಿಟ್ಟೆ.

ಮೂರು ಹಿಡಿ ಮಣ್ಣಿನ ಸಾಲನ್ನು ಮಾತ್ರ ಉಳಿಸಿದರು. ಅಲ್ಲಿಯ ಮಣ್ಣು ಯಾವ ಪ್ರಯೋಗಕ್ಕೂ ಬೇಕಿರಲಿಲ್ಲ.