ಹಂಗೇರಿಯ ಮಗುವಿದ್ದ ಪೆಟ್ಟಿಗೆ

ಮಾನ್ಯ ಓದುಗರೇ, ರಜೆಯ ಅರ್ಜಿಗಳ ಹೊರತು ನಾನು ಈವರೆಗೆ ಏನನ್ನೂ ಬರೆದವನಲ್ಲ. ಆದರೂ ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಮುಂದೆ ವಿವರಿಸಿರುವ ಸಂಗತಿ ನನ್ನ ಅನುಭವಕ್ಕೇ ಬಂದದ್ದು. ಇದರಲ್ಲಿ ಒಂದು ಮಾತನ್ನೂ ನಾನಾಗಿ ಸೇರಿಸಿಲ್ಲ.

ಅಬುಧಾಬಿಯ ಅಲ್ ಮೀನಾದಲ್ಲಿ, ಕಲಾವಸ್ತುಗಳನ್ನು ಪೆಟ್ಟಿಗೆಗೆ ತುಂಬಿ ವಿದೇಶಗಳಿಗೆ ಕಳುಹಿಸುವ ಗೋದಾಮಿನಲ್ಲಿ ನನಗೆ ಕೆಲಸ. ಕಳೆದ ಚಳಿಗಾಲದಲ್ಲಿ ಪ್ರದರ್ಶನವೊಂದು ಮುಗಿದು, ಆಳೆತ್ತರದ ಮರದ ವಿಗ್ರಹವೊಂದು ನಮ್ಮಲ್ಲಿಗೆ ಬಂದಿತು. ಮಗುವನ್ನು ಎತ್ತಿಕೊಂಡ ತಾಯಿ. ಮಧ್ಯಯುಗದಲ್ಲಿ ಹಂಗೇರಿಯ ಹಳ್ಳಿಯೊಂದರ ಚರ್ಚಿಗೆಂದು ಕೆತ್ತಿದ್ದು; ಈಗ ಬೇರೊಂದು ದೇಶದ ಸಂಗ್ರಹಾಲಯದ ಸ್ವತ್ತು. ತಾಯಿಯ ಬಣ್ಣವೆಲ್ಲ ಉದುರಿತ್ತು. ಮಗುವಿನ ತುಟಿ ಮಾತ್ರ ಕೆಂಪಗೆ, ಏನನ್ನೋ ಹೇಳಹೊರಟಂತೆ ತೆರೆದಿತ್ತು...

ಅಂದು ರಾತ್ರಿ ಪಾಳಿ. ಪತ್ನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದ ಕಾರಣ, ಮಗಳು ಸಿರಿಯನ್ನು ಜೊತೆಗೇ ಕರೆತಂದು ಪಕ್ಕದ ಕೋಣೆಯಲ್ಲಿ ಕೂರಿಸಿದ್ದೆ. ವಿಗ್ರಹವನ್ನು ಪೆಟ್ಟಿಗೆಯಲ್ಲಿರಿಸಿ, ಮುಚ್ಚಳ ಬಿಗಿದು, ಸೀಲ್ ಹಾಕಿದೆವು. ಜೊತೆಗಾರರು ಊಟಕ್ಕೆ ಹೋದರು. ಅದರ ಜೊತೆ ಬಂದಿದ್ದ ಸಂಗ್ರಹಾಲಯದ ಅಧಿಕಾರಿ ಇಲೋನಾ ಮೇಡಂ ಫೋನ್ ಬಂದಿತೆಂದು ಹೊರಗೆ ಹೋದರು. ಮೂಲತಃ ಆಕೆಯೂ ಹಂಗೇರಿಯವರೇ.

ಏಸಿಯ ಸದ್ದು ತಟ್ಟನೆ ನಿಂತಿತು. ಎಲ್ಲಿಂದಲೋ ಸುಟ್ಟ ಮೇಣದ ವಾಸನೆ...

"ಅಪ್ಪಾ..."

ಪೆಟ್ಟಿಗೆಯ ಒಳಗಿಂದ!

"ಬಂದೆ ನನ್ನವ್ವ, ಅಂಜಬ್ಯಾಡ!" ಎಂದು ಕೂಗಿ ಪಕ್ಕದ ಕೋಣೆಗೆ ಓಡಿದೆ. ಕುರ್ಚಿ ಖಾಲಿ. ನಾವು ಸ್ಕ್ರೂ ತರಲು ಹೋಗಿದ್ದಾಗ ಪೆಟ್ಟಿಗೆ ತೆರೆದೇ ಇತ್ತೆಂಬುದು ನೆನಪಾಯಿತು. ಮಗಳು ಒಳಗೆ ಹೊಕ್ಕಿದ್ದರೆ? ಎಷ್ಟು ಹೊತ್ತು ಉಸಿರಾಡಿಯಾಳು?

ಸೀಲ್ ಕಿತ್ತೆಸೆದು ಸ್ಕ್ರೂ ಬಿಚ್ಚತೊಡಗಿದೆ.

"ನಿಲ್ಲಿಸಿ! ನಿಮ್ಮ ಕೆಲಸ ಹೋಗುತ್ತದೆ!" ಎಂದು ಮೇಡಂ ಇಂಗ್ಲಿಷಿನಲ್ಲಿ ಕಿರುಚುತ್ತ ಬಂದರು.

"ಹೋಗ್ಲಿ! ಒಳಗ ನನ್ನ ಮಗಳದಾಳ್ರೀ!" ಎಂದು ನಾನು ಕನ್ನಡದಲ್ಲೇ ಕೂಗಿದೆ.

ಮುಚ್ಚಳ ಕಳಚಿ ಬಂದಿತು. ಒಳಗೆ ತಾಯಿ, ಮರದ ಮಗು... ಬೇರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮ ಲಾರಿ ಚಾಲಕ, ಉಳ್ಳಾಲದ ಹಮೀದ್ ಭಾಯ್. ಅವರ ಕೈ ಹಿಡಿದು ಸಿರಿ!

"ಎಂಥದು ಮಾರಾಯ್ರೆ? ಮಗುವಿಗೆ ಹಸಿವು ಅಂತ ಕೆಫೆಟೇರಿಯಾಕ್ಕೆ ಕರ್ಕೊಂಡು ಹೋದ್ರೆ ನೀವು ಪೆಟ್ಟಿಗೆ ಒಡೆಯುವುದಾ? ಒಂದು ಸಮೋಸಕ್ಕೆ ಇಷ್ಟು ಗಲಾಟೆಯಾ!"

"ಡ್ಯಾಡಿ, ವಾಟ್ ಹ್ಯಾಪನ್ಡ್?" ಎಂದಳು ಸಿರಿ.

ಡ್ಯಾಡಿ... ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಎಂದಿಗೂ ನನ್ನನ್ನು ಅಪ್ಪ ಎಂದು ಕರೆದವಳಲ್ಲ.

"ನಿಮಗೆ ಕೇಳಿಸಿದ್ದೇನು?" ಒಳಗಿಂದ ದನಿ ಬಂತೆಂದು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಡಂ ಮೆಲ್ಲಗೆ ಕೇಳಿದರು.

"ಅಪ್ಪ ಎಂದು. ನಮ್ಮ ಭಾಷೆಯಲ್ಲಿ ತಂದೆಗೆ ಹಾಗೆನ್ನುತ್ತಾರೆ."

ಅವರ ಮುಖ ಬಿಳಿಚಿಕೊಂಡಿತು. "ನಮ್ಮ ಭಾಷೆಯಲ್ಲೂ ತಂದೆ ಎಂದರೆ 'ಅಪ'..."

ಮುಂದೆ ಅವರು ದೂರು ಕೊಡಲಿಲ್ಲ. ನನ್ನ ಕೆಲಸ ಉಳಿಯಿತು. ಮೇಡಂ ತಮ್ಮ ಚೀಲದಿಂದ ಹೊಸ ಸೀಲ್ ತೆಗೆದು, "ಬೇಗ ಮುಚ್ಚಿಬಿಡಿ" ಎಂದಷ್ಟೇ ಅಂದರು. ಹಮೀದ್ ಭಾಯ್ ಸಿರಿಯನ್ನು ಲಾರಿಯ ಬಳಿಗೆ ಕರೆದೊಯ್ದರು.

ಕೊನೆಯ ಸ್ಕ್ರೂ ಬಿಗಿಯುತ್ತಿದ್ದೆ. ನನ್ನ ಅಂಗೈಯ ಕೆಳಗೇ, ಹಲಗೆಯ ಆಚೆಯಿಂದ, ಈ ಬಾರಿ ತೀರಾ ಸಣ್ಣದಾಗಿ...

"ಅಪ್ಪಾ..."

ಮೇಡಂಗೂ ಕೇಳಿಸಿತು. ಅವರು ಬಾಯಿಗೆ ಕೈ ಒತ್ತಿಕೊಂಡು ನೆಲ ನೋಡುತ್ತಿದ್ದರು. ಇಬ್ಬರೂ ಓಗೊಡಲಿಲ್ಲ. ನಾನು ಸ್ಕ್ರೂವನ್ನು ಮತ್ತೊಂದು ಸುತ್ತು ಬಿಗಿದೆ.

ಸದರಿ ಪೆಟ್ಟಿಗೆ ಅಂದೇ ವಿಮಾನವೇರಿತು, ಹಂಗೇರಿಗಲ್ಲ. ಅದು ಕರೆದದ್ದು ಯಾರನ್ನೆಂದು ತಮ್ಮಲ್ಲಿ ಯಾರಿಗಾದರೂ ತಿಳಿದಿದ್ದಲ್ಲಿ, ದಯಮಾಡಿ ನನಗೆ ತಿಳಿಸಬಾರದೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.