ನೀಲವ್ವನನ್ನು ಕೂಡಿಸಿದ್ದು

ಶಿಗ್ಗಾಂವದಲ್ಲಿ ನಮ್ಮ ರುದ್ರಭೂಮಿಯ ತಂತಿಬೇಲಿಯ ಹೊರಗೆ, ಬೇವಿನ ಗಿಡದ ಕೆಳಗೆ ನಾನು ನಿಂತಿದ್ದೆ. ಕೊರೊನಾದ ಎರಡನೆಯ ಬೇಸಿಗೆ, ಬೆಳಗಿನ ಹತ್ತೂವರೆ. ಅಲ್ಲಿಂದ ನೀಲವ್ವನ ಕುಣಿಗೆ ಇಪ್ಪತ್ತು ಹೆಜ್ಜೆ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಹೋದ ವಾರ ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಒಬ್ಬರು, "ಆ ಪಾಸ್ಟರ್ ನೀಲವ್ವನ್ನ ಕುಣಿಯೊಳಗ ಕಿರಿಸ್ತಾನ ಮಾಡಿದ್ನಂತ" ಅಂದರು. ನಾನು ಅರ್ಧ ಚಹಾ ಬಿಟ್ಟು ಎದ್ದು ಬಂದೆ. ಅಲ್ಲಿ ಆಡದ ಮಾತನ್ನು ಇಲ್ಲಿ ನಿಮ್ಮೆದುರು ಆಡುತ್ತಿದ್ದೇನೆ.

ಪಾಸ್ಟರ್ ಯೋಹಾನ ಅವರು ಗುರುವಾರ ಗುರುವಾರ ಓಣಿ ಓಣಿ ತಿರುಗುವವರು. ಹೆಗಲಿಗೊಂದು ಚೀಲ, ಚೀಲದಲ್ಲಿ ಯೇಸುವಿನ ಕರಪತ್ರ, ಜ್ವರದ ಗುಳಿಗೆ. ನಮ್ಮ ಓಣಿಗೆ ಬಂದಾಗ ತಡೆದವನು ನಾನೇ. "ಇಲ್ಲಿ ಎಲ್ಲಾರಿಗೂ ದೇವರು ಅದಾನ. ನೀವು ಮುಂದಿನ ಓಣಿ ನೋಡ್ರಿ" ಅಂದಿದ್ದೆ. ಅವರು "ಆತ್ರಿ ಸರ್ರ" ಎಂದು ಕರಪತ್ರವನ್ನು ಚೀಲದಲ್ಲಿಟ್ಟುಕೊಂಡು ಹೋದರು. ಆ ದಿನ ನಾನು ಗೆದ್ದವನಂತೆ ಊಟ ಮಾಡಿದ್ದು ನೆನಪಿದೆ.

ಓಣಿಯ ಕೊನೆಯ ಮನೆಯ ನೀಲವ್ವ ಜ್ವರ ಬಂದು ನಸುಕಿನಲ್ಲಿ ತೀರಿಕೊಂಡಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಹಾಗೆಯೇ ಮಾಡುತ್ತೇನೆಂದು ಮಗಳು ಶಾಂತವ್ವ ತಾಯಿಗೆ ಮಾತು ಕೊಟ್ಟಿದ್ದಳು. ಜೀವ ಹೋದ ಕೂಡಲೇ ಒಬ್ಬಳೇ ತಾಯಿಯನ್ನು ಗೋಡೆಗಾನಿಸಿ ಕೂಡಿಸಿದಳು. ಆಮೇಲೆ ಒಂದೊಂದೇ ಬಾಗಿಲು ಬಡಿದಳು. ಯಾವುದೂ ತೆರೆಯಲಿಲ್ಲ. ನನ್ನದೂ. ಕಿಟಕಿಯಿಂದಲೇ, "ಮಠದ ಅಯ್ಯನವ್ರಿಗೆ ಫೋನ್ ಹಚ್ಚೇನಿ ತಂಗಿ, ಎತ್ತವಲ್ಲರು" ಅಂದೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಧೈರ್ಯದ ಪಾಠ ಹೇಳಿದವನು ನಾನು.

ಎಂಟು ಗಂಟೆಗೆ ಪಾಸ್ಟರ್ ಸಾಮಾನು ಸಾಗಿಸುವ ಆಟೋ ತಂದರು. ಕರೆದವರು ಯಾರೋ ಇವತ್ತಿಗೂ ತಿಳಿಯದು. ನೀಲವ್ವನನ್ನು ಕೂತ ಹಾಗೆಯೇ ಎತ್ತಿಟ್ಟರು. ಶಾಂತವ್ವ ತಾಯಿಯ ಹೆಗಲು ಹಿಡಿದು ಕೂತಳು. ನಾನು ವಿಭೂತಿ, ಪತ್ರಿ ಕಟ್ಟಿಕೊಂಡು ಸ್ಕೂಟರಿನಲ್ಲಿ ದೂರದಿಂದ ಹಿಂಬಾಲಿಸಿದೆ. ಗಂಟನ್ನು ಬೇಲಿಯ ಒಳಗೆ ಎಸೆದೆ. ನಾನು ಹೋಗಲಿಲ್ಲ.

ಅಲ್ಲಿ ಒಂದು ತಪ್ಪಾಗಿತ್ತು. ಪಾಸ್ಟರ ಜೊತೆಗಾರ ಡೇವಿಡ್ ಮೊದಲೇ ಬಂದು ಕುಣಿ ತೋಡಿದ್ದ. ಅವನು ಕಂಡ ಕುಣಿಗಳೆಲ್ಲ ಪೆಟ್ಟಿಗೆ ಇಡುವಂಥವು. ಇದನ್ನೂ ಆಳಿನುದ್ದ, ಮೊಣಕಾಲಾಳ ತೋಡಿಟ್ಟಿದ್ದ.

"ಉದ್ದ ಬ್ಯಾಡಪಾ, ಆಳ ಬೇಕು. ಅವ್ವ ಕೂಡ್ತಾಳ" ಅಂದರು ಪಾಸ್ಟರ್.

"ಮದ್ಲ ಹೇಳಬಾರದೇನ್ರಿ? ಅರ್ಧಾ ಊರು ಹಿಡಸೂವಂಗ ತೋಡೇನಿ!"

ಶಾಂತವ್ವ ಅಳುತ್ತಲೇ ನಕ್ಕಳು. ಇಬ್ಬರೂ ಒಂದು ತುದಿಯಲ್ಲಿ ಮತ್ತೆ ಅಗೆಯತೊಡಗಿದರು. ಪಾಸ್ಟರ್ ಆಗಾಗ ತಲೆಯೆತ್ತಿ, "ಇಷ್ಟು ಸಾಕೇನ್ರಿ ಸರ್ರ? ಮಾರಿ ಯಾವ ಕಡೆ?" ಎಂದು ಕೂಗುತ್ತಿದ್ದರು. ನಾನು ಬೇಲಿಯಾಚೆಯಿಂದ ಆಳ, ಮುಖದ ದಿಕ್ಕು ಕೈಮಾಡಿ ತೋರಿಸುತ್ತಿದ್ದೆ.

ಕೂಡಿಸಿದ್ದಾಯಿತು. ಕುಣಿಯೊಳಗೆ ನಿಂತಿದ್ದ ಪಾಸ್ಟರಿಗೆ ಶಾಂತವ್ವ ಮೇಲಿನಿಂದ ಬಗ್ಗಿ ತಾಯಿಯ ಕೊರಳಿನ ಲಿಂಗವನ್ನು ಬಿಚ್ಚಿ ಚಾಚಿದಳು. ಅವರು ಕೈ ಮುಂದೆ ತರಲಿಲ್ಲ.

"ನಾ ಮುಟ್ಟಬಹುದೇನ್ರಿ ಸರ್ರ?"

ಬೆವರಿಗೆ ಅವರ ಅಂಗಿ ಮೈಗಂಟಿತ್ತು. ಊರೇ ಕೈಬಿಟ್ಟ ಹೆಣವನ್ನು ಅಪ್ಪಿ ಇಳಿಸಿದ ಮನುಷ್ಯ, ಇನ್ನೊಬ್ಬರ ದೇವರನ್ನು ಮುಟ್ಟಲು ಅಪ್ಪಣೆ ಕೇಳುತ್ತಿದ್ದ. ನಾನು ಬೇಲಿಯ ತಂತಿ ಹಿಡಿದೆ. ಶಾಂತವ್ವನೇ ಅಂದಳು: "ಮುಟ್ರಿ ಅಣ್ಣಾರ. ನಮ್ಮವ್ವಗ ಹೊತ್ತಾತು."

ಅವರು ಎರಡೂ ಕೈಯಲ್ಲಿ ಇಸಿದುಕೊಂಡು ನೀಲವ್ವನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು. "ಮಂತ್ರ ನೀವ ಹೇಳ್ರಿ ಸರ್ರ, ನಂಗ ಬರಂಗಿಲ್ಲ" ಅಂದರು. ನಾನು "ಓಂ ನಮಃ ಶಿವಾಯ" ಅನ್ನುವಷ್ಟು ಹೊತ್ತೂ ತಲೆ ತಗ್ಗಿಸಿ ನಿಂತರು. ತಮ್ಮ ಪ್ರಾರ್ಥನೆಯ ಒಂದು ಶಬ್ದವನ್ನೂ ಗಟ್ಟಿಯಾಗಿ ಆಡಲಿಲ್ಲ. ಮನಸ್ಸಿನಲ್ಲಿ ಆಡಿದರೋ, ನಾನು ಹೇಳಲಾರೆ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಪಾಸ್ಟರನ್ನು ಕೇಳಬೇಡಿ, ಹೇಳುವವರಲ್ಲ. ಶಾಂತವ್ವ ಸವಣೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಡೇವಿಡ್ ಇದೇ ಊರಲ್ಲಿ ಪಂಕ್ಚರ್ ಹಾಕುತ್ತಾನೆ. ಅವರಿಬ್ಬರೂ ಕಂಡಿದ್ದಾರೆ, ಇನ್ನೂ ಬದುಕಿದ್ದಾರೆ. ನಾನೂ.